ಬಾನೆಟ್ಟಿನ ಮುಂದಿನ ಕರ್ಪೂರ

ಆಯುಧಪೂಜೆಯ ಬೆಳಿಗ್ಗೆ ಕೊಟ್ರಬಸಮ್ಮನವರ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಆರುತ್ತಿತ್ತು. ಅಡುಗೆಯ ತಾಯಕ್ಕ ಅಂಗಳದಲ್ಲಿ ಕುಳಿತು ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದಳು. ಗಂಡ ಅಂದಾನಪ್ಪನವರು ಕಂಪ್ಲಿಯ ತಮ್ಮ ಅಕ್ಕಿ ಗಿರಣಿಯ ಪೂಜೆಗೆ ಬೇಗನೆ ಹೋಗಿದ್ದರು. ಹೊಸಪೇಟೆಯ ಮನೆಯಲ್ಲಿ ಉಳಿದದ್ದು ಕಾರು. ಮೂರು ತಿಂಗಳು ಶೆಡ್ಡಿನಲ್ಲೇ ನಿಂತು ಅದರ ಬ್ಯಾಟರಿ ಸತ್ತುಹೋಗಿತ್ತು. ಸ್ಟಾರ್ಟ್ ಆಗದ ಗಾಡಿಗೆ ಪೂಜೆ ಮಾಡಲು ಮನಸ್ಸೊಪ್ಪದೆ ಆಕೆ ಚಿತ್ತವಾಡ್ಗಿಯ ದುರುಗೇಶನನ್ನು ಕರೆಸಿದ್ದರು. ಅವನಿಗೆ ಅಲ್ಲಿ ಸಣ್ಣದೊಂದು ಬ್ಯಾಟರಿ ಅಂಗಡಿ.

ತನ್ನ ಅಂಗಡಿಯ ಪೂಜೆ ಬಿಟ್ಟು ಬಂದಿದ್ದರೂ ಅವನು ಗೊಣಗಲಿಲ್ಲ. ಚಾರ್ಜರ್ ಜೋಡಿಸಿ, ಬ್ಯಾಟರಿಯ ಮುಚ್ಚಳಗಳನ್ನು ಸಡಿಲಿಸಿ, ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟ. ಎರಡು ತಾಸಿನ ನಂತರ ಕೊಟ್ರಬಸಮ್ಮ ಆರತಿ ತಟ್ಟೆ ಹಿಡಿದು ಬಂದರು. ಕರ್ಪೂರದ ಹೊಗೆ ಮನೆಯೊಳಗೆ ಹೋಗಬಾರದೆಂದು, ಮನೆಯ ಕಡೆಗಿದ್ದ ಶೆಡ್ಡಿನ ಹಿಂದಿನ ಬಾಗಿಲನ್ನು ಬರುವಾಗ ಎಳೆದು ಮುಚ್ಚಿದರು.

"ಅಮ್ಮಾರ, ಕರ್ಪೂರ ಬ್ಯಾಡ್ರಿ," ಎಂದ ದುರುಗೇಶ. "ಚಾರ್ಜ್ ಆಗೋವಾಗ ಇದರಾಗಿಂದ ಉರಿಯೋ ಗ್ಯಾಸ್ ಬರತೈತಿ. ಕುಂಕುಮ ಹಚ್ರಿ, ಸಾಕು."

"ಹೊತ್ತು ಮೀರಾಕತ್ತೈತೋ. ನಿನ್ನ ಬ್ಯಾಟರಿ ದೇವರಿಗಿಂತ ದೊಡ್ಡದೇನು?"

"ದೊಡ್ಡದಲ್ರಿ. ಸಿಟ್ಟು ಜಾಸ್ತಿ."

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಆಕೆ ಕಡ್ಡಿ ಗೀರಿದರು. ತೆರೆದ ಬಾನೆಟ್ಟಿನ ಮುಂದೆ ತಟ್ಟೆ ಒಂದು ಸುತ್ತು ಬರುವ ಮೊದಲೇ ದುರುಗೇಶ ಮುಂದೆ ನುಗ್ಗಿ ಆಕೆಯ ಭುಜ ಹಿಡಿದು ಹಿಂದಕ್ಕೆ ತಳ್ಳಿದ. ಅಷ್ಟರಲ್ಲಿ ಸಿಡಿಲು ಬಡಿದಂಥ ಸದ್ದಾಯಿತು. ಬ್ಯಾಟರಿಯ ಮೇಲ್ಭಾಗ ಸೀಳಿ ಆಸಿಡ್ ಅವನ ಮುಖಕ್ಕೆ ಹಾರಿತ್ತು.

ಕೊಟ್ರಬಸಮ್ಮ ಕೊಬ್ಬರಿ ಎಣ್ಣೆಗೆ ಓಡಿದರು. "ಎಣ್ಣಿ ಬ್ಯಾಡ್ರಿ, ನೀರು, ನೀರು ಹಾಕ್ರಿ," ಎನ್ನುತ್ತಿದ್ದ ದುರುಗೇಶ. ಅಂಗಳದಿಂದ ಓಡಿಬಂದ ತಾಯಕ್ಕ, ಆಸಿಡ್ ತಾಗಿ ತನ್ನ ಸೀರೆ ಸುಟ್ಟು ತೂತಾಗುವುದನ್ನು ಲೆಕ್ಕಿಸದೆ ಅವನ ತಲೆಯನ್ನು ಮಡಿಲಲ್ಲಿ ಹಿಡಿದು, ಆಟೋ ಬರುವವರೆಗೆ ಕಣ್ಣಿಗೆ ನೀರು ಸುರಿದಳು. ಆ ನೀರಿನಿಂದಲೇ ಬಲಗಣ್ಣು ಉಳಿಯಿತೆಂದು ಡಾಕ್ಟರು ಹೇಳಿದರು. ಎಡಗಣ್ಣು ಉಳಿಯಲಿಲ್ಲ.

ಸಂಜೆ ಅಂದಾನಪ್ಪನವರು ಆಸ್ಪತ್ರೆಗೆ ಬಂದು ಹೇಗಾಯಿತೆಂದು ಕೇಳಿದರು. ಕಟ್ಟಿದ ಪಟ್ಟಿಯೊಳಗಿಂದಲೇ ದುರುಗೇಶ ಹೇಳಿದ: "ನಂದ ತಪ್ಪು, ಸಾವ್ಕಾರ. ಚಾರ್ಜರ್ ಕ್ಲಿಪ್ ಜಾರಿ ಕಿಡಿ ಹಾರ್ತು."

ಕೊಟ್ರಬಸಮ್ಮ ಹಣ್ಣಿನ ಚೀಲ ಹಿಡಿದು ಅಲ್ಲೇ ನಿಂತಿದ್ದರು. ಹಬ್ಬದ ದಿನ ತನ್ನನ್ನು ಗಂಡನ ಬೈಗುಳದಿಂದ ಉಳಿಸಲು ಅವನು ಹಾಗೆ ಹೇಳಿದ್ದನೆಂದು ಅವರಿಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ.

ಆಮೇಲೆ ತೆರೆಯುವುದು ಇನ್ನೂ ಕಷ್ಟವಾಯಿತು. ಅಂದಾನಪ್ಪನವರು ಕಂಡವರಿಗೆಲ್ಲ ಕ್ಲಿಪ್ಪಿನ ಕಥೆ ಹೇಳಿದರು. ದುರುಗೇಶನ ಕೆಲಸ ನೆಟ್ಟಗಿಲ್ಲ ಎಂಬ ಮಾತು ಊರಲ್ಲಿ ಹಬ್ಬಿ, ಆಟೋದವರೂ ಅವನ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಕಡ್ಡಿ ಗೀರಿದ್ದನ್ನು ಅಂಗಳದಿಂದಲೇ ಕಂಡಿದ್ದ ತಾಯಕ್ಕ ಇದನ್ನು ಬಂದು ಹೇಳುವಾಗ ಒಡತಿಯ ಮುಖ ನೋಡುತ್ತಿರಲಿಲ್ಲ. ಅದೂ ಒಂದು ದಯೆಯೇ ಇರಬೇಕು.

ವರ್ಷ ಕಳೆದು ಮತ್ತೆ ಆಯುಧಪೂಜೆ ಬಂತು. ಈ ಸಲ ಅಂದಾನಪ್ಪನವರು ಮನೆಯಲ್ಲೇ ಇದ್ದರು. ಹೊಸ ಬ್ಯಾಟರಿ ಕೂರಿಸಲು ಸಿದ್ದಲಿಂಗೇಶ್ ಎಂಬ ಬೇರೆ ಮೆಕ್ಯಾನಿಕ್ ಬಂದಿದ್ದ. ಕೆಲಸ ಮುಗಿಸಿ, "ನಾ ಆ ದುರುಗೇಶನಂಗ ಕ್ಲಿಪ್ ಜಾರಿಸೋನಲ್ರಿ," ಎಂದು ನಕ್ಕ.

ಕೊಟ್ರಬಸಮ್ಮನವರು ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟರು.

"ಅವನು ಕ್ಲಿಪ್ ಜಾರಿಸಲಿಲ್ಲ," ಎಂದರು. "ಕರ್ಪೂರ ಹಚ್ಚಿದಾಕಿ ನಾನು. ಅವ ಬ್ಯಾಡ ಅಂದಿದ್ದ."

ಅಂದಾನಪ್ಪನವರು ಆಕೆಯತ್ತ ತಿರುಗಿ ಕೇಳಿದರು: "ಒಂದು ವರ್ಷ ಯಾಕ ಹೇಳಲಿಲ್ಲ? ನಾ ಬೈತೀನಿ ಅಂತನಾ?"

"ಅಲ್ಲ. ಅವ ಹೇಳಿದ ಸುಳ್ಳು ನನಗ ಹಿತ ಆಗಿತ್ತು."

ಅವರು ಬೈಯಲಿಲ್ಲ. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. "ನಾನೂ ಊರ ತುಂಬ ಹೇಳಿಕೊಂಡು ಬಂದೀನಲ್ಲ. ನಡಿ."

ಚಿತ್ತವಾಡ್ಗಿಯ ಅಂಗಡಿಯ ಮುಂದಿನ ಬೆಂಚಿನಲ್ಲಿ ನಾಲ್ಕೈದು ಮಂದಿ ಹರಟುತ್ತಿದ್ದರು. ಕೊಟ್ರಬಸಮ್ಮ ಅವರೆಲ್ಲರಿಗೂ ಕೇಳುವಂತೆ ನಡೆದದ್ದನ್ನು ಹೇಳಿದರು. ಕರ್ಪೂರವನ್ನೂ, ಹಿಂದಿನ ಬಾಗಿಲನ್ನೂ, ಅವನು ತಳ್ಳಿದ್ದನ್ನೂ ಬಿಡಲಿಲ್ಲ. ದುರುಗೇಶ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ.

"ಇರ್ಲಿ ಬಿಡ್ರಿ ಅಮ್ಮಾರ," ಎಂದ ಕೊನೆಗೆ. "ನಮ್ಮ ಪೂಜಿ ಇನ್ನೂ ಆಗಿಲ್ಲ. ನೀವ ಮಾಡ್ರಿ."

ಅಂಗಡಿಯಲ್ಲಿ ಸಾಲಾಗಿಟ್ಟಿದ್ದ ಬ್ಯಾಟರಿಗಳ ಮೇಲೆ ಆಕೆ ಒಂದೊಂದು ಹೂವಿಟ್ಟರು. ಕರ್ಪೂರದ ತಟ್ಟೆಯನ್ನು ರಸ್ತೆಯ ಆಚೆಗೆ, ಬೇವಿನ ಮರದ ಬುಡಕ್ಕೆ ಒಯ್ದು ಅಲ್ಲಿಂದಲೇ ಬೆಳಗಿ, ಆರುವವರೆಗೂ ಕಾದು, ಒಂದು ಬದಿಯಿಂದ ಬಳಸಿ ತಿರುಗಿ ಬಂದರು.

ಬಂದವರು ದುರುಗೇಶನ ಪಕ್ಕದಲ್ಲಿ ನಿಂತರು. ಆಕೆ ಬಂದದ್ದು ಅವನಿಗೆ ತಿಳಿಯಲಿಲ್ಲ. ಅವನಿನ್ನೂ ರಸ್ತೆಯಾಚೆಗೇ ನೋಡುತ್ತಿದ್ದ. ತಾನು ನಿಂತದ್ದು ಅವನ ಎಡಕ್ಕೆ ಎಂದು ಕೊಟ್ರಬಸಮ್ಮನವರಿಗೆ ಆಗ ಹೊಳೆಯಿತು. ಸದ್ದಿಲ್ಲದೆ ಸುತ್ತು ಹಾಕಿ ಅವನ ಬಲಕ್ಕೆ ಬಂದು ನಿಂತರು.