ಬಣ್ಣಗಾರನ ಬರ್ಗಂಡಿ

ಆ ಬೆಳಿಗ್ಗೆ ಬಿಸಿಲೂ ಅಲ್ಲದ, ಮೋಡವೂ ಅಲ್ಲದ ಒಂದು ಮಂಕು ಬೆಳಕು ಬೀದಿಯ ಮೇಲೆ ಒದ್ದೆ ಬಟ್ಟೆಯಂತೆ ಹರಡಿಕೊಂಡಿತ್ತು. ಏನೂ ಒಣಗುವ ದಿನವಲ್ಲ. ಹಾಗಾಗಿ ಬಟ್ಟೆಗೆ ಬಣ್ಣ ಹಾಕುವ ನಮ್ಮ ಬಣ್ಣಗಾರ ಅಂಗಡಿಯ ಕೊಪ್ಪರಿಗೆಗಳಿಗೆ ಮುಚ್ಚಳ ಹಾಕಿ, ಕೈಯ ನೀಲಿಯನ್ನು ತಿಕ್ಕಿ ತೊಳೆದು, ಹೋಗದ ನೀಲಿಯನ್ನು ದೇವರಿಗೆ ಬಿಟ್ಟು, ನೆಲಮಾಳಿಗೆಗೆ ಇಳಿದ.

ಅಲ್ಲಿ ತಂಪು ಕತ್ತಲಲ್ಲಿ ಭಾವನ ಬರ್ಗಂಡಿ ಮಗ್ಗುಲಾಗಿ ಮಲಗಿತ್ತು. ಅಕ್ಕನ ಮದುವೆಯಾದ ಹೊಸತರಲ್ಲಿ ಭಾವ ಕೊಂಡ ಒಂದು ಸೀಸೆ ಫ್ರೆಂಚ್ ಕೆಂಪು ವೈನು. "ನಮ್ಮನೇಲಿ ಇಷ್ಟು ತಣ್ಣಗಿನ ಜಾಗ ಇಲ್ಲ, ನಿನ್ನ ಹತ್ರಾನೇ ಇರಲಿ" ಎಂದು ಒಪ್ಪಿಸಿದ್ದರು. ಅಕ್ಕ ಕೇಳಿದಾಗಲೆಲ್ಲ, "ಇನ್ನೂ ಮಾಗಬೇಕು ಕಣೇ. ಮಾಗಿದ ಮೇಲೆ ಮೊದಲ ಗುಟುಕು ನಿಂದೇ" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಹೋದ ವರ್ಷ ತೀರಿಕೊಂಡರು. ಇವತ್ತು ಅವರು ಹುಟ್ಟಿದ ದಿನ. ಕಾದದ್ದು ಸಾಕು, ತೆಗೆದುಬಿಡೋಣ ಎಂದು ಅಕ್ಕ ಬಂದು ಮೇಲೆ ಕೂತಿದ್ದಳು.

ಸೀಸೆ ಕಾದ ಪುಣ್ಯಕ್ಕೆ ಬಣ್ಣಗಾರ ವೈನಿನ ಪಂಡಿತನೂ ಆಗಿಬಿಟ್ಟಿದ್ದ. ಖಜಾನೆ ಕಾಯುವವನು ತಾನೇ ಅರಸನೆಂದುಕೊಂಡ ಹಾಗೆ. ಯಾವ ಅಗ್ಗದ ವೈನು ಸಿಕ್ಕಿದರೂ ಲೋಟದೊಳಗೆ ಮೂಗು ಇಳಿಬಿಟ್ಟು, "ಒದ್ದೆ ಎಲೆ... ಅಣಬೆ..." ಎಂದು ವಾಸನೆಗಳ ಹೆಸರು ಹೇಳಿ ಕಣ್ಣು ಮುಚ್ಚುತ್ತಿದ್ದ. ದೇವರು ಮೂಗು ಕೊಟ್ಟದ್ದು ಉಸಿರಾಡಲಿಕ್ಕೆ, ಪಾಂಡಿತ್ಯಕ್ಕಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ಬಿಡುವುದೇ ಬೇರೆ.

ಅಡುಗೆಮನೆಯಲ್ಲಿ ಬಿರಡೆ ಕಿತ್ತು, ತಳದ ಗಸಿ ಕದಡದಂತೆ ಉಸಿರು ಬಿಗಿಹಿಡಿದು ಗಾಜಿನ ಹೂಜಿಗೆ ಬಗ್ಗಿಸಿದ. ಗಸಿ ಸೀಸೆಯ ಕತ್ತಿನ ಹತ್ತಿರ ಬಂದೊಡನೆ ನಿಲ್ಲಿಸಿ, ಹೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಂಪೆಲ್ಲ ಸೋರಿಹೋಗಿ, ಹಳೆ ಇಟ್ಟಿಗೆ ತೊಳೆದ ನೀರಿನ ಹಾಗಿತ್ತು. ಬಣ್ಣ ಬಿಟ್ಟ ಸರಕನ್ನು ಅವನು ಜನ್ಮದಲ್ಲಿ ಗಿರಾಕಿಯ ಕೈಗೆ ಕೊಟ್ಟವನಲ್ಲ. ನನ್ನ ಕಾವಲಿನಲ್ಲೇ ಕೆಟ್ಟುಹೋಯಿತು, ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಬೆವತ. ಮೂಸಿ ನೋಡಬೇಕೆಂದು ಪಂಡಿತರಿಗೆ ಹೊಳೆಯಲೇ ಇಲ್ಲ. ಬಣ್ಣ ತೆಳುವಾದರೆ ಮತ್ತೊಮ್ಮೆ ಅದ್ದಬೇಕು, ಅಷ್ಟೇ ಗೊತ್ತು. ಅಡುಗೆಗೆಂದು ಇಟ್ಟಿದ್ದ ಕಪ್ಪುಗೆಂಪು ವೈನನ್ನು ಧಾರಾಳವಾಗಿ ಸುರಿದ. ಬಣ್ಣ ಕೂತಿತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮೇಜಿನ ಬಳಿ ಲೋಟಕ್ಕೆ ಬಗ್ಗಿಸುತ್ತ ವೈನಿನ ಮೇಲೆ ಅವನದು ದೊಡ್ಡ ವ್ಯಾಖ್ಯಾನವೇ ಆಯಿತು.

"ರೀ, ಪುರಾಣ ಮುಗೀತಾ? ಅಕ್ಕ ಕುಡೀಲಿ," ಎಂದಳು ಹೆಂಡತಿ.

ಅಕ್ಕ ಒಂದು ಗುಟುಕು ಕುಡಿದಳು. ಇನ್ನೊಂದು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಇದಕ್ಕೇನೋ ಅವರು ಅಷ್ಟು ವರ್ಷ ಕಾದಿದ್ದು?" ಎಂದಳು. "ಪಾಪ. ಅವರಿಗೂ ಗೊತ್ತಿರಲಿಲ್ಲ ಅನ್ಸತ್ತೆ. ಮಾಗತ್ತೆ ಅಂತ ಸುಮ್ಮನೆ ನನ್ನ ಸಮಾಧಾನಕ್ಕೆ ಹೇಳ್ತಿದ್ರೇನೋ."

ನಗುತ್ತಲೇ ಹೇಳಿದಳು. ಆ ನಗು ನೋಡಲಾರದೆ ಅವನು ಸೀಸೆ ತೊಳೆಯುವ ನೆಪದಲ್ಲಿ ಒಳಗೆ ಎದ್ದುಹೋದ.

ನಿಲ್ಲಿಸಿಟ್ಟ ಸೀಸೆಯಲ್ಲಿ ಗಸಿ ಮತ್ತೆ ತಳಕ್ಕಿಳಿದು, ಮೇಲೊಂದಿಷ್ಟು ತಿಳಿ ನಿಂತಿತ್ತು. ಚೆಲ್ಲುವ ಮುಂಚೆ ಚಹಾದ ಬಟ್ಟಲಿಗೆ ಬಗ್ಗಿಸಿಕೊಂಡ. ಮೂಗು ಬಗ್ಗಿಸುವ ಮೊದಲೇ ಪರಿಮಳ ತಾನೇ ಎದ್ದು ಬಂತು. ತುಟಿಗೆ ತಾಗಿಸಿದ. ಹಣ್ಣೆನ್ನಲೇ, ಒಣಗಿದ ಗುಲಾಬಿ ಎನ್ನಲೇ, ಮಳೆ ನಿಂತ ಮೇಲಿನ ಮಣ್ಣೆನ್ನಲೇ? ಇಷ್ಟು ದಿನ ಬಾಯಿಪಾಠ ಒಪ್ಪಿಸಿದ ಮಾತುಗಳೆಲ್ಲ ಕೈಕೊಟ್ಟವು. ಅದು ಕೆಟ್ಟಿರಲಿಲ್ಲ. ಮಾಗಿತ್ತು. ಮಾಗಿದ್ದರ ಬಣ್ಣ ತಿಳಿಯಾಗುತ್ತದೆ. ತಲೆ ನರೆತ ಇವನಿಗೆ ಅಷ್ಟೂ ತಿಳಿದಿರಲಿಲ್ಲ. ದೇವರು ದೊಡ್ಡವನು, ಕತ್ತೆಯ ಕೈಗೂ ಕಸ್ತೂರಿ ಕೊಡುತ್ತಾನೆ ಎಂದುಕೊಂಡ.

ಬಟ್ಟಲಲ್ಲಿ ಉಳಿದದ್ದು ಎರಡೋ ಮೂರೋ ಗುಟುಕು. ಕುಡಿದು ಬಾಯಿ ಒರೆಸಿಕೊಂಡರೆ ಮೂರು ಲೋಕಕ್ಕೂ ತಿಳಿಯದು, ಪಾಂಡಿತ್ಯವೂ ಉಳಿದೀತು. ಭಾವನ ಮಾತು ಮಾತ್ರ ಸುಳ್ಳಾಗಿಯೇ ಉಳಿದುಬಿಡುತ್ತದೆ.

ಹೊರಗೆ ಬಂದು, ಅಕ್ಕನ ಮುಂದಿದ್ದ ಲೋಟವನ್ನು ಸರಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಮತ್ತೆ ಅದೇನೋ?" ಎಂದಳು ಅಕ್ಕ, ಲೋಟದ ಕಡೆ ನೋಡುತ್ತ.

"ಅದು ನಂದು ಅಕ್ಕಾ. ಅಡುಗೆಗೆ ಇಟ್ಟಿದ್ದನ್ನ ಬೆರೆಸಿಬಿಟ್ಟೆ," ಎಂದ. "ಇದು ಭಾವಂದು."

ಅಕ್ಕ ಬಟ್ಟಲು ತೆಗೆದುಕೊಂಡಳು.