ಸೇವೆ ನಿಂತ ಬೀದಿ

"ಮೇಲೇನು ನೋಡ್ತೀಯೋ ಬೋಳಿಮಗನೇ, ಕೆಳಗೆ ನೋಡಿ ಅಗಿ. ಆ ಕೇಬಲ್ಲಿಗೆ ಗುದ್ದಲಿ ತಾಗ್ತೋ, ನಿನ್ನ ಇಡೀ ವಂಶ ಮಾರಿದ್ರೂ ಸಾಲಲ್ಲ."

"ಕೊಳ್ಳೋರು ಯಾರಾದ್ರೂ ಇದ್ರೆ ಹೇಳಿ ಸಾರ್, ಅಕ್ಕನ್ನ ಒಂದ್ಮಾತು ಕೇಳಿ ಮಾರಿಬಿಡ್ತೀನಿ."

ಗುಂಡಿಯ ಸುತ್ತ ನಿಂತವರು ಮುಸಿಮುಸಿ ನಕ್ಕರು. ಒಳಗಿದ್ದವನ ಹೆಗಲಿನ ಅಗಲ ನೋಡಿ ಗ್ಯಾಂಗಿನವರು ಅವನಿಗೆ ಗೂಳಿ ಎಂದು ಹೆಸರಿಟ್ಟಿದ್ದರು. ಅವನು ತುಂಬಿಕೊಟ್ಟ ಬಾಂಡ್ಲಿಯನ್ನು ಮೇಲಕ್ಕೆಳೆದು ಮಣ್ಣು ಸುರಿಯುತ್ತಿದ್ದವಳು ಅವನ ಅಕ್ಕ. ಗ್ಯಾಂಗಿಗೆಲ್ಲ ಅವಳು ದೊಡ್ಡಕ್ಕ. ಅವಳು ಮಾತ್ರ ನಗಲಿಲ್ಲ. ಅವಳ ಕಣ್ಣು ಗುಂಡಿಯ ಗೋಡೆಯ ಮೇಲಿತ್ತು. ಹಸಿ ಮಣ್ಣು, ಅಲ್ಲಲ್ಲಿ ಬಾಯಿ ಬಿಟ್ಟಿತ್ತು.

ಬೆಳಿಗ್ಗೆಯೇ ಸೂಪರ್‌ವೈಸರಿಗೆ ಹೇಳಿದ್ದಳು. "ಸಾರ್, ಗೋಡೆಗೆ ಆಸರೆ ಹಲಗೆ ಕೊಡ್ದೆ ಇಷ್ಟು ಆಳಕ್ಕೆ ಇಳಿಸಬೇಡಿ."

"ಹಲಗೆ ನಾಳೆ ಬರುತ್ತೆ. ಸಂಜೆ ಸಾಹೇಬ್ರು ಬರ್ತಾರೆ. ಅಷ್ಟರಲ್ಲಿ ಹೊಸ ಕೇಬಲ್ಲಿನ ಪೈಪು ಮಲಗಿರಬೇಕು. ನೀನೇನು ಇಂಜಿನಿಯರಾ? ಮಣ್ಣು ಹೊರು, ಸಾಕು."

ಆ ಬಡಾವಣೆಯಲ್ಲಿ ಇಂಟರ್‌ನೆಟ್ಟು ಆಗಾಗ ನಿಲ್ಲುತ್ತದೆಂದು ದೂರಿನ ಮೇಲೆ ದೂರು ಹೋಗಿತ್ತು. ಹಳೆಯ ಕೇಬಲ್ಲಿನ ಮಗ್ಗುಲಲ್ಲಿ ಇನ್ನೊಂದನ್ನು ಮಲಗಿಸಿದರೆ, ಒಂದು ಹೋದರೂ ಇನ್ನೊಂದರಲ್ಲಿ ಸೇವೆ ಹರಿಯುತ್ತದೆ ಎಂದು ಕಂಪನಿಯವರು ಮಾತು ಕೊಟ್ಟಿದ್ದರು. ಅಲ್ಲಿಯವರೆಗೆ ಇಲ್ಲಿನ ಮನೆಗಳು, ಅಂಗಡಿಗಳು, ಮೊಬೈಲ್ ಟವರು, ಎಲ್ಲದರ ಜೀವವೂ ಆ ಹಳೆಯದರಲ್ಲೇ. ಮುಂಗೈ ದಪ್ಪದ ಕರಿ ಕೇಬಲ್ಲು ಗುಂಡಿಗೆ ಅಡ್ಡವಾಗಿ, ಗೂಳಿಯ ಎದೆಮಟ್ಟದಲ್ಲಿ ಬಿಗಿದು ನಿಂತಿತ್ತು. ಅವನು ಅದರಡಿ ನುಸುಳಿ ಆ ಬದಿ ಅಗೆದು, ಮತ್ತೆ ನುಸುಳಿ ಈ ಬದಿ ಅಗೆಯಬೇಕು.

ಅವನು ಬಗ್ಗಿ ನುಸುಳುತ್ತಿದ್ದಾಗಲೇ ಗೋಡೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆ ಇಳಿಸಿದಂತೆ ದೊಪ್ಪೆಂದಿತು, ಅಷ್ಟೇ.

ದೊಡ್ಡಕ್ಕ ಬಾಂಡ್ಲಿ ಎಸೆದು ಗುಂಡಿಗೆ ಜಾರಿದಳು. ಅವಳ ಹಿಂದೆಯೇ ಇಬ್ಬರು ಇಳಿದು ಕೈಯಲ್ಲೇ ಮಣ್ಣು ಕೆದರಿದರು. ಮೊದಲು ತಲೆ ಸಿಕ್ಕಿತು, ಆಮೇಲೆ ಹೆಗಲು. ಮಣ್ಣಿನ ಜೊತೆ ಜಗ್ಗಿದ ಕೇಬಲ್ಲು ಅವನ ಬೆನ್ನನ್ನು ಅದುಮಿ ಹಿಡಿದಿತ್ತು. ಕುಸಿತಕ್ಕೆ ಅಲ್ಲೇ ಹಾದಿದ್ದ ನೀರಿನ ಪೈಪೂ ಒಡೆದು, ಕೆಳಗಿನಿಂದ ಕೆಸರು ಏರುತ್ತಿತ್ತು.

"ಅಕ್ಕಾ, ಉಸಿರು ಕಟ್ತಿದೆ ಕಣೆ," ಎಂದ ಗೂಳಿ. ತುಟಿಯ ಮೇಲೆಲ್ಲ ಮಣ್ಣು.

"ಮಾತಾಡಬೇಡ ತಮ್ಮ. ತಲೆ ಮೇಲೆತ್ಕೊಂಡಿರು." ಅವಳು ಮೇಲಕ್ಕೆ ಕೂಗಿದಳು. "ಕೇಬಲ್ ಕತ್ತರಿಸಬೇಕು ಸಾರ್."

ಸೂಪರ್‌ವೈಸರ್ ಆಗಲೇ ಫೋನಿನಲ್ಲಿದ್ದ. ಆಸ್ಪತ್ರೆಗಲ್ಲ, ಆಫೀಸಿಗೆ. "ಹೌದು ಸಾರ್, ಲೈನಿಗೇನೂ ಆಗಿಲ್ಲ. ಲೇಬರ್ ಒಬ್ಬ ಸಿಕ್ಕೊಂಡಿದಾನೆ. ಸರಿ ಸಾರ್." ಆಮೇಲೆ ಗುಂಡಿಯತ್ತ ಬಗ್ಗಿದ. "ಯಾರೂ ಕೇಬಲ್ ಮುಟ್ಟೋ ಹಾಗಿಲ್ಲ. ನೆಟ್ಟಿನ ಟ್ರಾಫಿಕ್ಕನ್ನ ಬೇರೆ ಲೈನಿಗೆ ತಿರುಗಿಸೋಕೆ ಆಗುತ್ತಾ ನೋಡ್ತಿದಾರೆ. ಅಲ್ಲೀವರೆಗೂ ಹಿಡ್ಕೊಂಡಿರಿ."

"ನೀರು ಏರ್ತಿದೆ ಸಾರ್."

"ಕಾಣ್ಸುತ್ತೆ ನಂಗೂ. ಈ ತಿಂಗಳು ಒಂದ್ಸಲ ಸೇವೆ ನಿಂತ್ರೂ ನನ್ನ ಕೆಲಸ ಹೋಗುತ್ತೆ, ಗೊತ್ತಾ ನಿಂಗೆ?"

ಗ್ಯಾಂಗಿನ ಮುದುಕನೊಬ್ಬ ಓಡಿ ಮನೆಮನೆಯ ಗೇಟು ಬಡಿದ. ಒಂದು ಮನೆಯಲ್ಲಿ ಪರದೆ ಅಲುಗಿತು. ಇನ್ನೊಂದರ ಒಳಗಿಂದ, ಮೀಟಿಂಗ್ ನಡೀತಿದೆ, ಗಲಾಟೆ ಮಾಡಬೇಡಿ ಎಂದರು. ಯಾರೂ ಹೊರಗೆ ಬರಲಿಲ್ಲ.

ಕೆಸರು ಗೂಳಿಯ ಗದ್ದಕ್ಕೆ ಬಂತು. ಅವನು ಕಣ್ಣು ಮಾತ್ರ ಹೊರಳಿಸಿ ಅಕ್ಕನನ್ನು ನೋಡಿದ. ದೊಡ್ಡಕ್ಕ ಮೇಲಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಮರಳಿದ್ದ ಮುದುಕ ಏನೂ ಕೇಳದೆ ಕೊಡಲಿ ಕೊಟ್ಟ.

"ಏ ಮುಂಡೇ, ಜೈಲಿಗೆ ಹೋಗ್ತೀಯ," ಎಂದ ಸೂಪರ್‌ವೈಸರ್.

"ಹೋಗ್ತೀನಿ. ನನ್ನ ತಮ್ಮನ ಹೆಣ ಹೊತ್ಕೊಂಡು ಮನೆಗೆ ಹೋಗೋದಕ್ಕಿಂತ ಅದೇ ವಾಸಿ."

ಮೊದಲ ಏಟಿಗೆ ಸಿಪ್ಪೆ ಹರಿಯಿತು. ಎರಡನೆಯದಕ್ಕೆ ಒಳಗಿನ ಗಾಜಿನ ಎಳೆಗಳು ಪುಡಿಯಾದವು. ಕೇಬಲ್ಲು ಹಾವಿನಂತೆ ಹಿಂದಕ್ಕೆ ಸರಿಯಿತು. ಮೂವರೂ ಸೇರಿ ಅವನ ಕಂಕುಳಿಗೆ ಕೈ ಹಾಕಿ ಎಳೆದರು.

ಅವನನ್ನು ಮೇಲೆ ಮಲಗಿಸುವ ಹೊತ್ತಿಗೆ ಬೀದಿ ತುಂಬಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು. ಎಲ್ಲರ ಕೈಯಲ್ಲೂ ಫೋನು.

"ಏನಾಯ್ತ್ರೀ ನೆಟ್ಟಿಗೆ? ಯಾರು ಕಡಿದಿದ್ದು?"

"ನಾನು," ಎಂದಳು ದೊಡ್ಡಕ್ಕ. ಅವಳ ಮೈಯೆಲ್ಲ ಕೆಸರು, ಕೈಯಲ್ಲಿ ಇನ್ನೂ ಕೊಡಲಿ. "ಆಂಬುಲೆನ್ಸಿಗೆ ಫೋನ್ ಮಾಡಿ. ಇವನಿಗೆ ಉಸಿರು ಸರಿಯಾಗಿ ಬರ್ತಿಲ್ಲ."

ಕೆಲವರು ಫೋನು ಎತ್ತಿ ಹಿಡಿದು ಸಿಗ್ನಲ್ ಹುಡುಕಿದರು. "ಎಲ್ಲಿಂದ ಮಾಡೋದು? ಟವರೂ ಸತ್ತಿದೆ, ನೀನೇ ಕಡಿದು ಹಾಕಿದೀಯಲ್ಲ," ಎಂದನೊಬ್ಬ.

ಗೂಳಿಯ ಎದೆ ಒಂದು ಸಲ ಏರಿತು. ತಡವಾಗಿ ಇಳಿಯಿತು.

ಎದುರುಮನೆಯ ಗೇಟು ತೆರೆದಿತ್ತು, ಒಳಗೆ ಬಿಳಿ ಕಾರು. ದೊಡ್ಡಕ್ಕ ಅತ್ತ ಕೈ ತೋರಿಸಿದಳು. "ಎತ್ತಿ."

ಗ್ಯಾಂಗಿನವರು ಗೂಳಿಯನ್ನು ಹೆಗಲಿಗೇರಿಸಿದರು. ಕೆಸರು ತೊಟ್ಟಿಕ್ಕುತ್ತಿತ್ತು. ಮನೆಯವನು ಓಡಿಬಂದು ಗೇಟಿಗೆ ಅಡ್ಡ ನಿಂತ. "ಏಯ್, ನಿಲ್ಲಿ. ಇದು ಖಾಸಗಿ ಜಾಗ. ಪೊಲೀಸರನ್ನ ಕರೀತೀನಿ."

"ಕರೀರಿ," ಎಂದಳು ದೊಡ್ಡಕ್ಕ.

ಅವನು ಫೋನನ್ನು ನೋಡಿಕೊಂಡ. ಮತ್ತೆ ತಲೆ ಎತ್ತಿದಾಗ ಅವರು ಗೇಟಿಗೆ ಬಂದಿದ್ದರು. ಅವಳು ಮುಂದೆ, ಹೆಗಲ ಮೇಲಿನ ತಮ್ಮ ಹಿಂದೆ. ಯಾರೂ ನಿಲ್ಲಲಿಲ್ಲ.