ಒಡೆದ ಹಣ್ಣು

ನಿಂಬೆ ಹೋಳು ತಿಕ್ಕಿ ತಿಕ್ಕಿ ಸಾವಿತ್ರಮ್ಮನ ಬೆರಳೇ ಉರಿಯತೊಡಗಿತು. ತೀರಿಕೊಂಡ ಅಪ್ಪನ ಎಡಗೈಗೆ ಹತ್ತಿದ್ದ ದ್ರಾಕ್ಷಿ ರಸದ ನೀಲಿ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಹೊರಗೆ ಸಖರಾಯಪಟ್ಟಣದ ಅರ್ಧ ಊರೇ ನೆರೆದಿತ್ತು. ಅಜ್ಜಂಪುರದ ಬೀಗರು ಕಾರಿನಿಂದ ಇಳಿಯುವಷ್ಟರಲ್ಲಿ ಆ ಬಣ್ಣ ಹೋಗಬೇಕಿತ್ತು. ಮಣ್ಣು ಮಾಡುವಾಗ ಅಯ್ಯನವರು ಲಿಂಗ ಇಡುವುದು ಎಡ ಅಂಗೈಯಲ್ಲೇ. ಆಗ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ.

"ಬಿಡವ್ವ, ಚರ್ಮ ಕಿತ್ಕೊಂಡು ಬತ್ತದೆ," ಎಂದ ಪಕ್ಕದ ತೋಟದ ಅಂಜಿನಪ್ಪ.

"ಬೀಗರು ಬತ್ತಾವ್ರೆ ಅಂಜಿನಣ್ಣ. ನಿನ್ ಕೈ ಮುಗೀತೀನಿ, ವೈನಿನ ಸುದ್ದಿ ಎತ್ತಬ್ಯಾಡ."

\*

ಸಾವಿತ್ರಮ್ಮನ ಅಪ್ಪ ಈರಭದ್ರಪ್ಪ ವೈನ್ ಘಟಕ ಕಟ್ಟಿದ್ದು ಕುಡಿಯುವ ಚಪಲಕ್ಕಲ್ಲ. ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವನಲ್ಲ. ಒಂದು ವರ್ಷ ಆಲಿಕಲ್ಲು ಬಿದ್ದು ಸುತ್ತಲಿನವರ ದ್ರಾಕ್ಷಿಯೆಲ್ಲ ಒಡೆದಿತ್ತು. ಮಂಡಿಯವರು ಮೂಸಿಯೂ ನೋಡಲಿಲ್ಲ. ಎಲ್ಲರೂ ಬೆಳೆ ವಿಮೆ ಕಟ್ಟಿದ್ದರು, ನಿಜ. ಆದರೆ ವಿಮೆಯವರು ಲೆಕ್ಕಕ್ಕೆ ಹಿಡಿಯುವ, ಮಳೆ ಅಳೆಯುವ ಯಂತ್ರ ಇದ್ದದ್ದು ಬೇರೆ ಊರಿನಲ್ಲಿ, ಅಲ್ಲಿ ಅವತ್ತು ಒಳ್ಳೇ ಬಿಸಿಲು. ಯಂತ್ರ ಎಲ್ಲಿದೆಯೆಂದು ಕೇಳಿಕೊಂಡು ಬೀಳುವಷ್ಟು ಬುದ್ಧಿ ಆಲಿಕಲ್ಲಿಗೆಲ್ಲಿ! ವಿಮೆ ಬರಲಿಲ್ಲ.

ಒಡೆದ ಹಣ್ಣಿಗೂ ಒಂದು ದಾರಿ ಬೇಕೆಂದು ಈರಭದ್ರಪ್ಪ ಲೈಸೆನ್ಸ್ ತಂದು ಘಟಕ ಹಾಕಿದ. ಅಲ್ಲಿಂದಾಚೆ ಆಲಿಕಲ್ಲು ಬಿದ್ದಾಗಲೆಲ್ಲ ಬೇಲಿ ಬೇಲಿಗೂ ಹೋಗಿ ಕೂಗುತ್ತಿದ್ದ: "ಒಡೆದದ್ದು ನಂಗೆ ತನ್ರಲೇ!"

ಊರು ಹಣ್ಣನ್ನೂ ಕೊಟ್ಟಿತು, ಹೆಸರನ್ನೂ ಕೊಟ್ಟಿತು: ಹೆಂಡದ ಈರಭದ್ರಪ್ಪ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೆ ನಂಬುವವರುಂಟೇ? ತನ್ನ ಮಗಳು ಸ್ಪಂದನಾಳಿಗೆ ಅಜ್ಜಂಪುರದ ಸಂಬಂಧ ಕೂಡಿಬಂದಾಗ ಸಾವಿತ್ರಮ್ಮ, ಹುಡುಗಿಯ ತಾತನದು ಜ್ಯೂಸ್ ಫ್ಯಾಕ್ಟರಿ ಎಂದು ಬೀಗರಿಗೆ ಹೇಳಿಬಿಟ್ಟಳು. ಆ ಸುಳ್ಳು ಉಳಿಯಬೇಕಾದರೆ ಘಟಕ ಉಳಿಯುವಂತಿರಲಿಲ್ಲ.

"ಮಾರ್ಬಿಡಪ್ಪಾ. ನಿನ್ ಮಗಳು ಅಂತ ಹೇಳ್ಕೊಳಕ್ಕೆ ನಾಚ್ಕೆ ಆಯ್ತದೆ."

ಅವನು ದ್ರಾಕ್ಷಿ ತೋಟವನ್ನೂ ಘಟಕವನ್ನೂ ಮಾರಿದ. ಕೊಂಡವನು ಗೇಟಿಗೆ ಬೀಗ ಜಡಿದು ಹೋದ.

\*

ಉಳಿದಿದ್ದ ತೆಂಗಿನ ತೋಟದಲ್ಲಿ ಗುಂಡಿ ತೋಡಿ, ಹೆಣವನ್ನು ಒಳಗೆ ಕೂರಿಸಿದ್ದರು. ಸ್ಪಂದನಾಳ ಅತ್ತೆ ಶಂಕರಮ್ಮ ಸಾವಿತ್ರಮ್ಮನ ಪಕ್ಕ ಬಂದು ನಿಂತರು.

"ಹೆಂಗಾಯ್ತು ಬೀಗ್ತೀ? ಗಟ್ಟಿಯಾಗೇ ಇದ್ರಲ್ಲ?"

"ಎದೆನೋವು. ಮನೇಲೇ ಮಲಗಿದ್ದಂಗೇ..."

ಅಂಜಿನಪ್ಪನಿಗೆ ಅಷ್ಟು ಹೊತ್ತು ತಡೆದದ್ದೇ ಹೆಚ್ಚಾಗಿತ್ತು.

"ಮನೇಲಲ್ಲ ಕಣವ್ವ. ನಿನ್ನೆ ಆಲಿಕಲ್ಲು ಬಿತ್ತಲ್ಲ, ಮಾರಿದ್ದೇ ಮರ್ತೋಗಿತ್ತು ಮುದುಕನಿಗೆ. ಒಡೆದದ್ದು ನಂಗೆ ತನ್ರಲೇ ಅಂತ ನನ್ ತೋಟಕ್ಕೆ ಬಂದ್ಬಿಟ್ಟ. ಮಾರಿದೀಯ ಕಣಯ್ಯಾ ಅನ್ನಕ್ಕೆ ನಂಗೆ ಬಾಯೇ ಬರಲಿಲ್ಲ. ನನ್ ದ್ರಾಕ್ಷಿ ಕ್ರೇಟೇ ಹೊತ್ಕೊಂಡೋದ, ಎಡಗೈ ಮ್ಯಾಲೆಲ್ಲ ರಸ ಸೋರ್ತಿತ್ತು. ಆಮೇಲೆ ಹೋಗಿ ನೋಡ್ತೀನಿ, ಬೀಗ ಹಾಕಿದ್ ಗೇಟಿನ ಮುಂದೆ ಬಿದ್ದವ್ನೆ."

"ಯಾವ ಗೇಟು?" ಎಂದರು ಶಂಕರಮ್ಮ.

ಅಷ್ಟರಲ್ಲಿ ಗುಂಡಿಯೊಳಗೆ ಅಯ್ಯನವರು ಹೆಣದ ಎಡಗೈ ಬಿಡಿಸಿ, ತಲೆಯೆತ್ತಿದರು.

"ಇದೇನು ಬಣ್ಣ? ಇನ್ನೊಂದ್ಸಲ ತೊಳೀರವ್ವ."

ಒದ್ದೆ ಬಟ್ಟೆ ಸಾವಿತ್ರಮ್ಮನ ಕೈಯಲ್ಲೇ ಇತ್ತು. ಬಗ್ಗಿದಳು. ನಾಚಿಕೆ ಇನ್ನೂ ಹೋಗಿರಲಿಲ್ಲ, ಆದರೆ ಈಗ ಅದು ಅಪ್ಪನ ಬಗ್ಗೆ ಆಗಿರಲಿಲ್ಲ, ತನ್ನ ಬಗ್ಗೆಯೇ ಆಗಿತ್ತು. ಅಪ್ಪನ ಎದುರು ಎಲ್ಲಿ ಮುಖ ಇಟ್ಟುಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ.

"ಬ್ಯಾಡಿ ಅಯ್ಯಾ, ಹಂಗೇ ಇರ್ಲಿ," ಎಂದಳು. ಆಮೇಲೆ ಬೀಗಿತಿಯ ಕಡೆ ತಿರುಗಿದಳು. "ವೈನ್ ಘಟಕದ ಗೇಟು. ನಮ್ಮಪ್ಪ ವೈನ್ ಮಾಡ್ತಿದ್ದ. ಜ್ಯೂಸ್ ಅಂದಿದ್ದು ನಾನು."

ಶಂಕರಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಅಯ್ಯನವರು ನೀಲಿ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು.

ಮಣ್ಣು ಹಾಕಲು ಒಬ್ಬೊಬ್ಬರಾಗಿ ಬಂದರು. ಬೆಳಗಿನಿಂದ ಒಡೆದ ದ್ರಾಕ್ಷಿ ಹೆಕ್ಕಿ ಬಂದಿದ್ದ ತೋಟದವರ ಕೈಯೆಲ್ಲ ನೀಲಿಯಾಗಿತ್ತು. ಸಾವಿತ್ರಮ್ಮನೂ ಒಂದು ಹಿಡಿ ಮಣ್ಣೆತ್ತಿ ಕೈ ಚಾಚಿದಳು. ನಿಂಬೆಯ ಹುಳಿಗೆ ಅವಳ ಬೆರಳುಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು.